ರಕ್ತದ ಪೆಟ್ಟಿಗೆಯ ಕೆಳಗಿನ ಗೆರೆ

ಕಾಸರಗೋಡು ಜಿಲ್ಲೆಯ ಬಡಗಣ ತುದಿಯಲ್ಲಿ, ಹೆದ್ದಾರಿ ಬದಿಯಲ್ಲಿರುವ ಸಣ್ಣ ಆಸ್ಪತ್ರೆ ನಮ್ಮದು. ನಮಗೆ ರಕ್ತ ತೆಗೆಯುವ ಪರವಾನಗಿ ಇಲ್ಲ, ತಂದು ಇಟ್ಟುಕೊಳ್ಳುವ ಪರವಾನಗಿ ಮಾತ್ರ ಉಂಟು. ಹತ್ತು ಜನ ತೋಳು ಚಾಚಿ ಸಾಲಾಗಿ ನಿಂತರೂ ಒಬ್ಬರಿಗೂ ಸೂಜಿ ಚುಚ್ಚುವ ಹಾಗಿಲ್ಲ. ಮಂಗಳೂರಿನ ಬ್ಲಡ್ ಬ್ಯಾಂಕಿನಿಂದ ಚೀಲ ಬರಬೇಕು, ನಮ್ಮ ಫ್ರಿಜ್ಜಿನಲ್ಲಿ ಕೂರಬೇಕು, ಆಮೇಲೆ ರೋಗಿಗೆ ಹೋಗಬೇಕು. ಆ ಫ್ರಿಜ್ಜಿಗೂ ಚೀಲಗಳಿಗೂ ಅವು ಬರುವ ಪೆಟ್ಟಿಗೆಗಳಿಗೂ ಯಜಮಾನಿ ನಾನು, ಅಂದರೆ ಲ್ಯಾಬ್ ಟೆಕ್ನೀಷಿಯನ್.

ನನ್ನ ನಾಲಿಗೆ ಉದ್ದ. ಇದನ್ನು ಮನೆಯಲ್ಲಿ ಅಮ್ಮ ಕೊಂಕಣಿಯಲ್ಲಿ ಹೇಳುತ್ತಿದ್ದಳು, ಆಸ್ಪತ್ರೆಯವರು ಮಲಯಾಳದಲ್ಲೂ ತುಳುವಿನಲ್ಲೂ ಹೇಳುತ್ತಾರೆ. ಭಾಷೆ ಬದಲಾಗುತ್ತದೆ, ಅರ್ಥ ಬದಲಾಗುವುದಿಲ್ಲ. ಕೆಲಸ ಸರಿಯಾಗಬೇಕಾದರೆ ಒಬ್ಬರಾದರೂ ಬೈಯುವವರು ಬೇಕು ಎಂದು ನಾನು ನಂಬಿಕೊಂಡಿದ್ದೆ. ಇಷ್ಟು ವರ್ಷ ಆ ನಂಬಿಕೆಯಿಂದ ಯಾರಿಗೂ ಕೇಡಾಗಿರಲಿಲ್ಲ, ಅಥವಾ ಆದದ್ದು ನನಗೆ ಗೊತ್ತಾಗಿರಲಿಲ್ಲ.

ವರ್ಷಕ್ಕೊಮ್ಮೆ ನಾನು ಪೆಟ್ಟಿಗೆಗಳ ಪರೀಕ್ಷೆ ಮಾಡಬೇಕು. ಕೇಳಿದರೆ ನಗು ಬರುತ್ತದೆ, ಪೆಟ್ಟಿಗೆಗೆಂತ ಪರೀಕ್ಷೆ ಅಂತ. ರಕ್ತದ ಚೀಲದಲ್ಲಿ ರಕ್ತದ ಬದಲು ನೀರು, ಗ್ಲಿಸರಿನ್ ತುಂಬಿಸಿ, ಅದಕ್ಕೆ ತಾಪ ಅಳೆಯುವ ತಂತಿ ಸಿಕ್ಕಿಸಿ, ಸುತ್ತ ಐಸ್‌ಪ್ಯಾಕ್ ಇಟ್ಟು ಮುಚ್ಚಳ ಹಾಕುವುದು. ಆಮೇಲೆ ಪೆಟ್ಟಿಗೆಯನ್ನು ಬಿಸಿಲಿಗೆ ಇಟ್ಟು ಕಾಲು ಗಂಟೆಗೊಮ್ಮೆ ಒಳಗಿನ ಡಿಗ್ರಿ ಬರೆದುಕೊಳ್ಳುವುದು. ಕಾಗದದಲ್ಲಿ ಎರಡು ಗೆರೆಗಳಿರುತ್ತವೆ. ಮೇಲಿನದು ಹತ್ತು ಡಿಗ್ರಿ, ಕೆಳಗಿನದು ಎರಡು. ಈ ಎರಡು ಗೆರೆಗಳ ನಡುವೆ ನಾಲ್ಕು ಗಂಟೆ ನಿಂತರೆ ಪೆಟ್ಟಿಗೆ ಪಾಸು.

ಆ ಬೇಸಿಗೆ ನಾನು ಪೆಟ್ಟಿಗೆಯನ್ನು ನಿಲ್ಲಿಸಿದ್ದು ಆಂಬುಲೆನ್ಸಿನ ಪಕ್ಕ, ಡಾಮರು ಕುದಿಯುವ ಜಾಗದಲ್ಲಿ. ಅದು ಆಂಬುಲೆನ್ಸ್ ಡ್ರೈವರನ ಪೆಟ್ಟಿಗೆ, ನೀಲಿ ಬಣ್ಣದ್ದು. ಡ್ರೈವರ್ ಕಡಲ ಬದಿಯವನು, ನಲುವತ್ತು ದಾಟಿದ ಗಟ್ಟಿ ಆಳು. ಅವನ ಅಪ್ಪ ಮೀನು ವ್ಯಾಪಾರ ಮಾಡುತ್ತಿದ್ದವರು. ಸಾಧು ಮನುಷ್ಯ, ಹಾರ್ನ್ ಕೂಡ ಬೇಕಾದಷ್ಟೇ ಹೊಡೆಯುವವನು. ಪೆಟ್ಟಿಗೆ ಮೂರು ಗಂಟೆ ಚೆನ್ನಾಗಿ ನಿಂತಿತು. ನಾಲ್ಕನೆಯ ಗಂಟೆಗೆ ನೋಡಿದರೆ ಹನ್ನೊಂದು ಡಿಗ್ರಿ. ಯಾಕೆಂದು ಹುಡುಕಿದಾಗ ತಿಳಿಯಿತು, ಒಳಗೆ ಎಲ್ಲ ಸರಿ ಉಂಟಾ ಎಂದು ಅವನು ಎರಡು ಮೂರು ಸಲ ಮುಚ್ಚಳ ತೆಗೆದು ಇಣುಕಿದ್ದ.

ಕ್ಯಾಂಟೀನಿನವರು, ಇಬ್ಬರು ನರ್ಸುಗಳು, ಚೀಟಿಗೆ ಕಾದು ನಿಂತ ಜನ, ಎಲ್ಲರ ಎದುರಿಗೇ ನಾನು ಶುರು ಮಾಡಿದೆ.

"ನಿನಗೆ ತಲೆಯಲ್ಲಿ ಎಂತ ಉಂಟು ಮಾರಾಯ? ಇದು ರಕ್ತ. ಬಿಸಿಯಾದರೆ ವಿಷ. ನೀನು ತಂದ ರಕ್ತದಿಂದ ನಾಳೆ ಒಬ್ಬರು ಸತ್ತರೆ ಅವರ ಮನೆಯವರಿಗೆ ನೀನು ಉತ್ತರ ಕೊಡ್ತೀಯಾ?"

ಅವನು "ಇಲ್ಲ ಅಕ್ಕ, ಇನ್ನು ಮುಟ್ಟುವುದಿಲ್ಲ" ಎಂದ. ಅಷ್ಟಕ್ಕೆ ಬಿಡಬಹುದಿತ್ತು. ನಾನು ಬಿಡಲಿಲ್ಲ. ಬಿಸಿಯಾಗಬಾರದು, ಬಿಸಿಯಾಗಲೇಬಾರದು, ಏನೇ ಆದರೂ ಬಿಸಿಯಾಗಬಾರದು ಎಂದು ಮಗ್ಗಿ ಹೇಳಿಕೊಟ್ಟ ಹಾಗೆ ಮೂರು ಸಲ ಹೇಳಿಸಿದೆ. ಅವನ ಕಿವಿ ಕೆಂಪಾಗಿತ್ತು. ಮರುದಿನ ಪೆಟ್ಟಿಗೆಯನ್ನು ಇನ್ನೊಮ್ಮೆ ಪರೀಕ್ಷೆಗೆ ಇಟ್ಟಾಗ ಅವನು ಅದರ ಹತ್ತಿರವೂ ಸುಳಿಯಲಿಲ್ಲ. ಪೆಟ್ಟಿಗೆ ಪಾಸಾಯಿತು.

ಆ ಪರೀಕ್ಷೆಯ ಕಾಗದಕ್ಕೆ ಎರಡನೆಯ ಪುಟ ಒಂದು ಉಂಟು. ಒಳಗೆ ತಂಪು ಹೆಚ್ಚಾದರೆ ಏನಾಗುತ್ತದೆ ಎಂದು ನೋಡುವ ಪುಟ, ಕೆಳಗಿನ ಗೆರೆಯದ್ದು. ನಮ್ಮ ಊರಿನ ಸೆಕೆ ಗೊತ್ತಿರುವವರು ಯಾರಾದರೂ ಆ ಪುಟ ನೋಡಿದರೆ ನಗುತ್ತಾರೆ. ಫ್ಯಾನಿನ ಗಾಳಿಯೂ ಬಿಸಿಯಾಗಿ ಬರುವ ಊರಲ್ಲಿ ತಂಪು ಹೆಚ್ಚಾಗುವುದು ಎಲ್ಲಿಂದ? ನಾನು ಅಡ್ಡಗೆರೆ ಎಳೆದು 'ಅನ್ವಯಿಸುವುದಿಲ್ಲ' ಎಂದು ಬರೆದು ಸಹಿ ಹಾಕಿದೆ. ಹಿಂದಿನ ವರ್ಷವೂ ಹಾಗೇ ಮಾಡಿದ್ದೆ. ಸೂಪರಿಂಟೆಂಡೆಂಟ್ ಡಾಕ್ಟರು ಓದದೆ ಅವರ ಸಹಿಯನ್ನೂ ಹಾಕಿದರು.

ನನಗೆ ಗೊತ್ತಿರಲಿಲ್ಲ ಎಂದಲ್ಲ. ರಕ್ತ ಹೆಪ್ಪುಗಟ್ಟಿ ಐಸಾದರೆ ಅದರ ಕಣಗಳು ಒಡೆಯುತ್ತವೆ, ಒಡೆದ ರಕ್ತ ಕೊಟ್ಟರೆ ಕಿಡ್ನಿ ಹೋಗುತ್ತದೆ, ಜೀವವೂ ಹೋಗಬಹುದು. ಅದಕ್ಕೇ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರ ಪೆಟ್ಟಿಗೆಗೆ ಹಾಕಬಾರದು, ಹೊರಗಿಟ್ಟು ಮೈಮೇಲೆ ನೀರಹನಿ ಕೂತ ಮೇಲೆ ಹಾಕಬೇಕು. ಐಸ್‌ಪ್ಯಾಕ್ ಬೆವರಬೇಕು ಎನ್ನುತ್ತೇವೆ ನಾವು. ನಾನು ಪ್ರತಿ ಸಲವೂ ಬೆವರಿಸಿಯೇ ಕೊಡುತ್ತಿದ್ದೆ. ಯಾಕೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಇದಾಗಿ ವಾರ ಕಳೆದಿರಲಿಲ್ಲ. ಪೆರ್ಲದ ಆಚೆಯಿಂದ ಒಬ್ಬಳು ಹೆರಿಗೆಗೆ ಬಂದಳು. ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸು, ಚೊಚ್ಚಲು. ಜತೆಯಲ್ಲಿ ಅವಳ ತಾಯಿ ಮಾತ್ರ, ಗಂಡ ಗಲ್ಫಿನಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ಗಂಡುಮಗು ಹುಟ್ಟಿತು, ಮಗು ಚೆನ್ನಾಗಿ ಕೂಗಿತು. ಬಾಣಂತಿಗೆ ಮಾತ್ರ ರಕ್ತ ನಿಲ್ಲಲಿಲ್ಲ. ಹನ್ನೆರಡರ ಹೊತ್ತಿಗೆ ಹೆರಿಗೆ ಡಾಕ್ಟರಮ್ಮ ಫೋನ್ ಮಾಡಿ, "ಓ ನೆಗೆಟಿವ್ ಎಷ್ಟುಂಟು?" ಎಂದು ಕೇಳಿದರು. ಒಂದೂ ಇರಲಿಲ್ಲ. ಅದು ಅಪರೂಪದ ಗುಂಪು, ನಮ್ಮಂಥ ಸಣ್ಣ ಜಾಗದಲ್ಲಿ ಇಟ್ಟುಕೊಂಡರೆ ಅವಧಿ ಮುಗಿದು ಹಾಳಾಗುತ್ತದೆ. ಓ ಪಾಸಿಟಿವ್ ಎರಡು ಚೀಲ ಇತ್ತು.

ಪಾಸಿಟಿವ್ ಕೊಟ್ಟರೆ ಅವಳ ಜೀವ ಆ ಹೊತ್ತಿಗೆ ಉಳಿಯಬಹುದು. ಆದರೆ ನೆಗೆಟಿವ್ ಹೆಣ್ಣಿನ ಮೈಗೆ ಪಾಸಿಟಿವ್ ರಕ್ತ ಹೋದರೆ ಮುಂದೆ ಹೊಟ್ಟೆಯಲ್ಲಿ ಬೆಳೆಯುವ ಮಗುವಿಗೆ ಅದು ಕಂಟಕವಾಗಬಹುದು. ಮತ್ತೆ, ರಕ್ತ ಹೀಗೇ ಹರಿಯುತ್ತಿದ್ದರೆ ಆ ಎರಡೇ ಚೀಲ ಅವಳಿಗೆ ಸಾಲದು. ಡಾಕ್ಟರಮ್ಮ ಹೇಳಿದರು, "ಮಂಗಳೂರಿನಿಂದ ನೆಗೆಟಿವ್ ಎರಡಾದರೂ ತರಿಸಿ. ಎರಡು ಗಂಟೆಯವರೆಗೆ ನಾನು ಹೇಗಾದರೂ ಹಿಡಿದು ನಿಲ್ಲಿಸ್ತೇನೆ. ಗರ್ಭಕೋಶ ಉಳಿಸಬೇಕು, ಚೊಚ್ಚಲು ಅಲ್ವಾ."

ಮಂಗಳೂರಿನಲ್ಲಿ ಎರಡು ಚೀಲ ಸಿಕ್ಕಿತು. ಐಸ್‌ಪ್ಯಾಕ್ ಬೆವರಿಸಿ, ತಾಪದ ಯಂತ್ರ ಒಳಗಿಟ್ಟು, ನೀಲಿ ಪೆಟ್ಟಿಗೆ ಕೊಟ್ಟು ಡ್ರೈವರನನ್ನು ಕಳಿಸಿದೆ. "ನೆನಪುಂಟಲ್ಲ?" ಎಂದೆ. "ಬಿಸಿಯಾಗಬಾರದು" ಎಂದ.

ಕಾಯುವುದೆಂದರೆ ಏನು ಎಂದು ಆವತ್ತು ಗೊತ್ತಾಯಿತು. ಲ್ಯಾಬಿನ ಬಾಗಿಲಿನ ಗಾಜಿಗೆ ಹಣೆ ಒತ್ತಿ ಬಾಣಂತಿಯ ತಾಯಿ ನಿಂತಿದ್ದರು. ಬೆಂಚು ತೋರಿಸಿದರೆ ಕೂರುವುದಿಲ್ಲ. ಪ್ರತಿ ಸಲ ನಾನು ತಲೆಯೆತ್ತಿದಾಗಲೂ "ಹೊರಟಿತಾ ಸಿಸ್ಟರೇ?" ಎನ್ನುತ್ತಾರೆ. ಒಂದು ಗಂಟೆಗೆ ಡ್ರೈವರ್ ಫೋನ್ ಮಾಡಿ ಚೀಲ ಕೈಗೆ ಸಿಕ್ಕಿತೆಂದ. ಒಂದೂವರೆಗೆ ತಲಪಾಡಿ ದಾಟಿದ್ದ. ಒಂದು ಮುಕ್ಕಾಲಿಗೆ ಹೆದ್ದಾರಿ ಕೆಲಸದ ಕಡೆ ಲಾರಿಯೊಂದು ಅಡ್ಡ ಸಿಕ್ಕಿಕೊಂಡು ಸಾಲು ನಿಂತಿದೆ ಎಂದ. ಸೈರನ್ ಕೂಗುತ್ತಿದೆ, ಸರಿಯಲಿಕ್ಕೆ ಜಾಗವೇ ಇಲ್ಲ. ನಾನು ಫೋನಿನಲ್ಲೂ ಬೈದೆ. ಲಾರಿಯನ್ನು ಬೈಯುವ ಬದಲು ಅವನನ್ನು ಬೈದೆ.

"ಪೆಟ್ಟಿಗೆ ನೋಡಿಕೋ! ಬಿಸಿಲು ಬೀಳುವ ಕಡೆ ಇಡಬೇಡ!"

"ನೋಡ್ತಾ ಇದ್ದೇನೆ ಅಕ್ಕ, ನೀವು ಹೆದರಬೇಡಿ. ನಾನು ಸರಿ ಮಾಡ್ತೇನೆ" ಎಂದ.

ಆ 'ಸರಿ ಮಾಡ್ತೇನೆ' ಎಂಬ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಎಂತ ಸರಿ ಮಾಡ್ತೀಯಾ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅಷ್ಟರಲ್ಲಿ ಆಪರೇಷನ್ ಥಿಯೇಟರಿನಿಂದ ಫೋನ್ ಬಂತು, ಬಿಪಿ ಇಳಿಯುತ್ತಾ ಉಂಟು, ಎಲ್ಲಿಗೆ ಮುಟ್ಟಿತು ಅಂತ. ಬರ್ತಾ ಉಂಟು ಎಂದೆ. ಜಪಮಾಲೆ ಮನೆಯಲ್ಲಿತ್ತು, ಬೆರಳಿನಲ್ಲೇ ಎಣಿಸುತ್ತಾ ನಿಂತೆ, ಎಣಿಕೆ ತಪ್ಪುತ್ತಿತ್ತು.

ಎರಡೂವರೆಗೆ ಆಂಬುಲೆನ್ಸ್ ಒಳಗೆ ಬಂತು. ಅವನು ಪೆಟ್ಟಿಗೆಯನ್ನು ಎದೆಗವಚಿಕೊಂಡು ಓಡಿ ಬಂದ. ಅಂಗಿ ಒದ್ದೆ. ಮುಖದಲ್ಲಿ ನಗು. ನಾನು ಅವನಿಗೆ ಬೈದ ದಿನದಿಂದ ಆ ನಗು ನೋಡಿರಲಿಲ್ಲ.

"ಅಕ್ಕ, ಈ ಸಲ ಫೇಲ್ ಇಲ್ಲ. ಮುಟ್ಟಿ ನೋಡಿ, ಕೈ ಮರಗಟ್ಟುತ್ತದೆ. ಮೆಷಿನಿನಲ್ಲಿ ಮೈನಸ್ ಬಂದಿತ್ತು, ನಾನೇ ನೋಡಿದೆ!"

ಮುಚ್ಚಳ ತೆಗೆದೆ. ನನ್ನ ಐಸ್‌ಪ್ಯಾಕುಗಳ ನಡುವೆ, ಎರಡು ರಕ್ತದ ಚೀಲಗಳ ಅಕ್ಕಪಕ್ಕ ಪ್ಲಾಸ್ಟಿಕ್ ತೊಟ್ಟೆಗಳು. ತೊಟ್ಟೆಯಲ್ಲಿ ಪುಡಿ ಮಾಡಿದ ಐಸು, ಅದರ ತುಂಬ ಕಲ್ಲುಪ್ಪು. ಐಸಿಗೆ ಉಪ್ಪು ಸೇರಿದರೆ ಅದು ಐಸಿಗಿಂತಲೂ ತಣ್ಣಗಾಗುತ್ತದೆ. ಕಡಲ ಬದಿಯಲ್ಲಿ ಮೀನು ಕಟ್ಟುವವರಿಗೆ ಇದು ಗೊತ್ತು, ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಲಾರಿ ಅಡ್ಡ ನಿಂತಾಗ ಅವನು ಮುಚ್ಚಳ ತೆಗೆದು ನೋಡಿದ್ದ. ಐಸ್‌ಪ್ಯಾಕ್ ಬೆವರುತ್ತಿತ್ತು. ಬೆವರಿದರೆ ಸರಿಯಾಗಿದೆ ಎಂದು ನಾನು ಹೇಳಿರಲಿಲ್ಲವಲ್ಲ, ಕರಗಿ ಬಿಸಿಯಾಗುತ್ತಿದೆ ಎಂದುಕೊಂಡ. ರಸ್ತೆ ಬದಿಯ ಮೀನಿನವನ ಹತ್ತಿರ ಓಡಿ ಹೋಗಿ ಐಸು, ಉಪ್ಪು ಕೇಳಿ ತಂದು, ತನ್ನ ಅಪ್ಪ ಅಂಜಲ್ ಮೀನಿಗೆ ಕಟ್ಟುತ್ತಿದ್ದ ಹಾಗೆ ಎರಡೂ ಬದಿಗೆ ಒತ್ತಿ ಕಟ್ಟಿದ.

ಮೊದಲನೆಯ ಚೀಲ ಎತ್ತಿದೆ. ಮೆತ್ತಗೆ ಕೈಗೆ ಬಾಗಬೇಕಾದದ್ದು ಅಂಚಿನಲ್ಲಿ ಹಲಗೆಯ ಹಾಗೆ ಸೆಟೆದಿತ್ತು. ಬೆರಳು ಒತ್ತಿದರೆ ಒಳಗೆ ಪುಡಿಪುಡಿ ಸದ್ದು. ಎರಡನೆಯದೂ ಹಾಗೇ. ಯಂತ್ರದಲ್ಲಿ ಮೈನಸ್ ನಾಲ್ಕು.

ನನಗೆ ಆಗ ಬಂದ ಯೋಚನೆಯನ್ನು ಇಲ್ಲಿ ಬರೆಯಲೇಬೇಕು. ಅಂಚು ಮಾತ್ರ ಅಲ್ವಾ, ನಡುವಿನದು ಸರಿಯಿರಬಹುದು ಎಂದು ಯೋಚಿಸಿದೆ. ಯಾರಿಗೆ ಗೊತ್ತಾಗುತ್ತದೆ ಎಂದೂ ಯೋಚಿಸಿದೆ. ಒಂದು ಚೀಲವನ್ನು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡುತ್ತಾ ನಿಂತಿದ್ದೆ, ಜ್ವರ ಬಂದ ಮಗುವಿನ ಕಾಲು ಹಿಡಿದ ಹಾಗೆ. ಗಾಜಿನ ಆಚೆಯಿಂದ ಆ ತಾಯಿ ಎರಡೂ ಕೈ ಮುಗಿದು "ಬಂತಲ್ಲ ದೇವರೇ, ಬಂತಲ್ಲ" ಎನ್ನುತ್ತಿದ್ದರು. ಚೀಲದ ನಳಿಗೆಯಿಂದ ಒಂದಿಷ್ಟು ತೆಗೆದು, ಕಣ ಬೇರ್ಪಡಿಸುವ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದೆ. ಹಳದಿಯಾಗಿ ಮೇಲೆ ನಿಲ್ಲಬೇಕಾದ ನೀರು ಪುನರ್ಪುಳಿ ಶರಬತ್ತಿನ ಕೆಂಪು ಬಣ್ಣಕ್ಕೆ ತಿರುಗಿತ್ತು. ಕಣಗಳು ಒಡೆದು ಹೋಗಿದ್ದವು. ಎರಡನೆಯದನ್ನೂ ನೋಡಿದೆ. ಅದೇ ಬಣ್ಣ.

ಡ್ರೈವರ್ ಬಾಗಿಲಲ್ಲೇ ನಿಂತಿದ್ದ. "ಎಂತ ಅಕ್ಕ? ಬಿಸಿ ಆಯ್ತಾ?" ಎಂದು ಕೇಳಿದ.

ನಾನು ಅವನನ್ನು ದಾಟಿ ಥಿಯೇಟರಿಗೆ ಓಡಿದೆ. ಡಾಕ್ಟರಮ್ಮ ಕೈಗವಸಿನ ಕೈ ಮೇಲೆತ್ತಿಕೊಂಡೇ ಬಾಗಿಲಿಗೆ ಬಂದರು. ಹಾಳಾಗಿದೆ, ಎರಡೂ ಹಾಳಾಗಿದೆ, ಕೊಡಲಿಕ್ಕಾಗುವುದಿಲ್ಲ ಎಂದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಣ್ಣು ಮುಚ್ಚಿ ಒಂದು ಉಸಿರು ತೆಗೆದುಕೊಂಡು ಹೇಳಿದರು, "ಇನ್ನು ಕಾಯಲಿಕ್ಕಿಲ್ಲ. ತೆಗೆದುಬಿಡ್ತೇನೆ. ಪಾಸಿಟಿವ್ ಎರಡು ಮ್ಯಾಚ್ ಮಾಡಿ ಕಳಿಸಿ. ಗರ್ಭಕೋಶ ಇಲ್ಲದ ಮೇಲೆ ಪಾಸಿಟಿವ್ ಆದರೆಂತ, ನೆಗೆಟಿವ್ ಆದರೆಂತ. ಮಂಗಳೂರಲ್ಲಿ ಇನ್ನೂ ಇದ್ದರೆ ತರಿಸಿ."

ಕಾಗದಕ್ಕೆ ಸಹಿ ಬೇಕಿತ್ತು. ಗಂಡ ಫೋನಿನಲ್ಲಿ ಒಪ್ಪಿದ, ತಾಯಿ ಸಹಿ ಹಾಕಿದರು. ಹಾಕುವ ಮೊದಲು ನನ್ನ ಕಡೆ ತಿರುಗಿ ಕೇಳಿದರು, "ರಕ್ತ ಬಂತಲ್ಲ ಸಿಸ್ಟರೇ? ಮತ್ತೆ ಯಾಕೆ ತೆಗೆಯುವುದು?" ಪಕ್ಕದ ನರ್ಸ್ "ಅದು ಹೊಂದಲಿಲ್ಲ ಅಮ್ಮ" ಎಂದಳು. ನಾನು ಪಾಸಿಟಿವ್ ಮ್ಯಾಚ್ ಮಾಡಲಿಕ್ಕೆ ಲ್ಯಾಬಿಗೆ ನಡೆದೆ.

ಪಾಸಿಟಿವ್ ಚೀಲ ಕಳಿಸಿ ಹೊರಗೆ ಬಂದಾಗ ಡ್ರೈವರ್ ಆಂಬುಲೆನ್ಸಿನ ಮೆಟ್ಟಿಲ ಮೇಲೆ ಕುಳಿತಿದ್ದ. ಅಷ್ಟರಲ್ಲಿ ಯಾರೋ ಹೇಳಿದ್ದರು. ಮಂಗಳೂರಿನ ಬೇರೆ ಬ್ಲಡ್ ಬ್ಯಾಂಕಿನಲ್ಲಿ ಇನ್ನೊಂದು ಚೀಲ ಉಂಟು, ಹೋಗಬೇಕು ಎಂದೆ. ಎದ್ದ. ನಾನು ಪೆಟ್ಟಿಗೆ ತೊಳೆದು ಉಪ್ಪು ತೆಗೆದು ಐಸ್‌ಪ್ಯಾಕ್ ಜೋಡಿಸುತ್ತಾ, ಇದೇ ಮೊದಲ ಸಲ, ಬೆವರು ಯಾಕೆ ಬೇಕು ಎಂದು ಅವನಿಗೆ ಹೇಳಿದೆ. ತಣ್ಣಗಾದರೂ ಸಾಯುತ್ತದೆ ಎಂದು ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ.

"ನೀವು ಬಿಸಿ ಆಗಬಾರದು ಅಂತ ಮಾತ್ರ ಹೇಳಿದ್ದು ಅಕ್ಕ" ಎಂದ.

ದೂರು ಇರಲಿಲ್ಲ ಆ ಮಾತಿನಲ್ಲಿ. ನಿಜ ಮಾತ್ರ ಇತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನಾನು ಎಷ್ಟೋ ಜನರಿಗೆ ಹೇಳಿದ ಗಾದೆ ಅದು. ಆವತ್ತು ಮೂಗು ಬೇರೆ ಯಾರದ್ದೋ ಹೋಗಿತ್ತು.

ಸಂಜೆ ಐದರ ಮೊದಲು ಮೂರನೆಯ ಚೀಲ ಬಂತು. ಆರು ಡಿಗ್ರಿ. ಅವಳು ಬದುಕಿದಳು.

ಮರುದಿನ ಸೂಪರಿಂಟೆಂಡೆಂಟ್ ಡಾಕ್ಟರು ಕರೆದು, ವರದಿಯಲ್ಲಿ ಡ್ರೈವರನ ತಪ್ಪು ಎಂದು ಬರೆದರೆ ಮುಗಿಯಿತು ಎಂದರು. ನಾನು ಹಾಗೆ ಬರೆಯಲಿಲ್ಲ. ಕೆಳಗಿನ ಗೆರೆಯ ಪರೀಕ್ಷೆ ನಾನು ಮಾಡಿರಲಿಲ್ಲ, ತಂಪು ಹೆಚ್ಚಾಗಬಾರದೆಂದು ನಾನು ಹೇಳಿಕೊಟ್ಟಿರಲಿಲ್ಲ, ಅವನನ್ನು ಹೆದರಿಸಿದ್ದೂ ನಾನೇ ಎಂದು ಬರೆದೆ. ಮೊದಲೆರಡು ವಾಕ್ಯ ಇಟ್ಟುಕೊಂಡು ಮೂರನೆಯದನ್ನು ಅವರು ಹೊಡೆದು ಹಾಕಿದರು. ಅದಕ್ಕೆ ಫಾರಮಿನಲ್ಲಿ ಕಾಲಂ ಇಲ್ಲವಂತೆ. ನನಗೊಂದು ಮೆಮೊ ಬಂತು, ಉತ್ತರ ಕೊಟ್ಟೆ, ಫೈಲು ಮುಚ್ಚಿತು. ಕಾಗದಕ್ಕೆ ನಿಜ ಹೇಳುವುದು ಎಷ್ಟು ಸುಲಭ ಎಂದು ನನಗೆ ಆಗ ಅನಿಸಿತ್ತು.

ನಾಲ್ಕನೆಯ ದಿನ ವಾರ್ಡಿಗೆ ಹೋದೆ. ಆ ಬಾಣಂತಿಯ ಎದುರು ನಿಂತು ಹೇಳಿಬಿಡುತ್ತೇನೆ, ಅವಳು ಉಗಿದರೆ ಉಗಿಯಲಿ ಎಂದು ಗಟ್ಟಿ ಮಾಡಿಕೊಂಡೇ ಹೋದದ್ದು. ಬಾಗಿಲಲ್ಲಿ ತಾಯಿ ತಡೆದರು. ಮೆಲ್ಲಗೆ, "ಅವಳಿಗೆ ಗರ್ಭಕೋಶ ತೆಗೆದದ್ದು ಹೇಳಲಿಲ್ಲ ಸಿಸ್ಟರೇ. ಬಾಣಂತಿಗೆ ದುಃಖದ ಸುದ್ದಿ ಹೇಳಿದರೆ ಹಾಲು ಬತ್ತುತ್ತದೆ. ನಲುವತ್ತು ದಿನ ಕಳೆಯಲಿ, ನಾನೇ ಹೇಳ್ತೇನೆ. ನೀವು ಎಂತದೂ ಹೇಳಬೇಡಿ" ಎಂದರು. ನನ್ನ ಕೈ ಹಿಡಿದುಕೊಂಡು, "ಆ ದಿನ ನೀವು ಓಡಿದ್ದು ನಾನು ನೋಡಿದ್ದೇನೆ. ನಿಮ್ಮನ್ನು ದೇವರು ಚೆನ್ನಾಗಿ ಇಡಲಿ" ಎಂದು ಕೈಯನ್ನು ಕಣ್ಣಿಗೊತ್ತಿಕೊಂಡರು. ನಾನು ಕೈ ಬಿಡಿಸಿಕೊಳ್ಳಲಿಕ್ಕೆ ನೋಡಿದೆ, ಅವರು ಬಿಡಲಿಲ್ಲ.

ಒಳಗೆ ಹೋದೆ. ಅವಳು ಗೋಡೆಗೆ ಒರಗಿ ಮಗುವಿಗೆ ಹಾಲು ಕೊಡುತ್ತಿದ್ದಳು. ತುಟಿ ಇನ್ನೂ ಬಿಳಿ. ನನ್ನನ್ನು ಕಂಡು ನಕ್ಕಳು.

"ರಕ್ತದ ಅಕ್ಕ ಅಲ್ವಾ ನೀವು? ಅಮ್ಮ ಹೇಳಿದರು. ಕೂತುಕೊಳ್ಳಿ."

ಕೂತೆ. ಮಗುವಿನ ತಲೆ ಸವರಿದಳು.

"ಅತ್ತೆ ಫೋನಿನಲ್ಲಿ ಕೇಳ್ತಾರೆ, ಮುಂದಿನ ಹೆರಿಗೆಗೆ ಪುತ್ತೂರಿನ ದೊಡ್ಡ ಆಸ್ಪತ್ರೆಗೆ ಹೋಗುವುದಾ ಅಂತ. ನಾನು ಬೇಡ ಅಂದೆ. ಇವನಿಗೆ ಎರಡು ವರ್ಷ ಆಗಲಿ. ಮತ್ತೆ ಹೆಣ್ಣೇ ಬೇಕು ನನಗೆ. ಅದಕ್ಕೂ ಇಲ್ಲಿಗೇ ಬರ್ತೇನೆ ಅಕ್ಕ. ಇಲ್ಲಿ ನೀವು ಇದ್ದೀರಲ್ಲ. ಆಗ ಇರ್ತೀರಾ ನೀವು?"

ಬಾಗಿಲಲ್ಲಿ ತಾಯಿ ನನ್ನನ್ನೇ ನೋಡುತ್ತಾ ನಿಂತಿದ್ದರು.

"ಇರ್ತೇನೆ" ಎಂದೆ.